ಅನ್ನದ ಪಾತ್ರೆಯ ಪಕ್ಕದಲ್ಲಿ ಒಂದು ನೋಟ್‌ಬುಕ್

ಬೆಂಗಳೂರಿನ ದೊಡ್ಡ ಸರ್ಕಾರಿ ಆಸ್ಪತ್ರೆಗಳ ಗೇಟಿನ ಹೊರಗೆ ಊಟದ ಹೊತ್ತಿಗೆ ಸಾಲು ನಿಲ್ಲುತ್ತದೆ. ಯಾರೋ ವ್ಯಾನಿನಲ್ಲಿ, ಇನ್ನು ಕೆಲವರು ಆಟೊದಲ್ಲಿ, ಪಲಾವ್ ಅಥವಾ ಬಿಸಿಬೇಳೆ ಬಾತಿನ ಪಾತ್ರೆ ಇಟ್ಟುಕೊಂಡು ಬರುತ್ತಾರೆ. ಹಾಗೆ ಬರುವವರಲ್ಲಿ ಬಡಾವಣೆಯ ಗೆಳೆಯರ ಬಳಗವಿದೆ, ಸಾಫ್ಟ್‌ವೇರ್ ಕಚೇರಿಗಳ ಹುಡುಗ ಹುಡುಗಿಯರಿದ್ದಾರೆ, ಗುರುದ್ವಾರದವರು, ಮಸೀದಿ ಸಮಿತಿಯವರು, ತೀರಿಹೋದ ತಾಯಿಯ ಹೆಸರಿನಲ್ಲಿ ತಿಂಗಳಿಗೊಮ್ಮೆ ಬಡಿಸುವ ಕುಟುಂಬದವರೂ ಇದ್ದಾರೆ. ಸಾಲಿನಲ್ಲಿ ನಿಂತವರು ಇನ್ನೂ ಬಗೆಬಗೆಯವರು. ರಾಯಚೂರು, ಕಲಬುರಗಿ, ಚಾಮರಾಜನಗರದ ಕಡೆಯಿಂದ ರೋಗಿಯ ಜೊತೆ ಬಂದು ಫುಟ್‌ಪಾತಿನಲ್ಲಿ ಚಾಪೆ ಹಾಸಿಕೊಂಡವರು, ಆ ದಿನ ಗಾರೆ ಕೆಲಸ ಸಿಗದವರು, ಮಕ್ಕಳ ಮನೆಯಲ್ಲಿ ಜಾಗವಿಲ್ಲದ ಮುದುಕರು, ಒಡಿಶಾ ಬಿಹಾರಗಳಿಂದ ಬಂದು ಮೇಸ್ತ್ರಿಯ ಕೈಯಲ್ಲಿ ಕೂಲಿ ಬಾಕಿ ಉಳಿಸಿಕೊಂಡವರು. ಪಾತ್ರೆ ಖಾಲಿಯಾಗುತ್ತದೆ, ವ್ಯಾನು ಹೊರಡುತ್ತದೆ. ಆ ಸಾಲಿನಲ್ಲಿದ್ದವರು ಅಲ್ಲಿಗೆ ಹೇಗೆ ಬಂದರು ಎಂಬ ವಿಷಯ ಮಾತ್ರ ಬಡಿಸಿದವರಿಗೂ ತಿಳಿಯುವುದಿಲ್ಲ, ಊರಿಗೂ ತಿಳಿಯುವುದಿಲ್ಲ.

ಈ ಕೆಲಸ ಮಾಡುವವರ ಮೇಲೆ ನನಗೆ ಅಪಾರ ಗೌರವವಿದೆ. ಆ ಗೌರವದಿಂದಲೇ ಒಂದು ಮಾತನ್ನು ಹೇಳಬೇಕು ಅನ್ನಿಸಿದೆ. ಉಚಿತ ಊಟ ಕೊಡುವ ಸ್ವಯಂಸೇವಕರ ಕೆಲಸ ಊಟ ಕೊಟ್ಟಲ್ಲಿಗೆ ಅರ್ಧ ಮುಗಿಯುತ್ತದೆ. ತಟ್ಟೆ ಚಾಚಿದವರ ಹಸಿವಿಗೆ ಕಾರಣ ಏನೆಂದು ಕೇಳಿ ತಿಳಿಯುವುದು, ಅದನ್ನು ಬರೆದಿಡುವುದು, ಕಾನೂನು ಅವರಿಗೆ ಕೊಡಬೇಕೆಂದು ಹೇಳಿರುವುದನ್ನು ಕೊಡಿಸುವುದು ಉಳಿದ ಅರ್ಧ. ಈ ಎರಡನೆಯ ಅರ್ಧವನ್ನು ನಾವು ಬಹುಮಟ್ಟಿಗೆ ಬಿಟ್ಟುಬಿಟ್ಟಿದ್ದೇವೆ.

ಇಂಥ ತಂಡಗಳ ಬಗ್ಗೆ ಓದುಬರಹ ಬಲ್ಲವರ ವಲಯದಲ್ಲಿ ಹಳೆಯ ಟೀಕೆಯೊಂದಿದೆ. ಹಸಿದವರಿಗೆ ಅನ್ನ ಕೊಡುವುದು ಸರ್ಕಾರದ ಹೊಣೆ, ಅದನ್ನು ನೀವು ಹೊತ್ತುಕೊಂಡರೆ ಸರ್ಕಾರ ಕೈತೊಳೆದುಕೊಳ್ಳುತ್ತದೆ ಎಂಬುದು ಆ ಟೀಕೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಜಾನೆಟ್ ಪಾಪೆಂಡೀಕ್ 1998ರಲ್ಲಿ ಬರೆದ 'ಸ್ವೀಟ್ ಚಾರಿಟಿ?' ಎಂಬ ಪುಸ್ತಕದಲ್ಲಿ ಈ ವಾದವನ್ನು ಬಹಳ ಗಟ್ಟಿಯಾಗಿ ಮಂಡಿಸಿದ್ದಾರೆ. ಅವರು ತಮ್ಮ ದೇಶದ ಫುಡ್ ಬ್ಯಾಂಕುಗಳನ್ನೂ ಉಚಿತ ಊಟದ ಅಡುಗೆಮನೆಗಳನ್ನೂ ಹತ್ತಿರದಿಂದ ನೋಡಿದವರು. ಬಡಿಸುವವರಿಗೆ ಆಗುವ ಸಮಾಧಾನವೇ ಸಮಾಜದ ಮನಸ್ಸಿನ ಕಿರಿಕಿರಿಯನ್ನು ತಣ್ಣಗಾಗಿಸುತ್ತದೆ, ಬಡತನದ ಮೂಲದ ಪ್ರಶ್ನೆ ಹಿಂದೆ ಸರಿಯುತ್ತದೆ ಎಂದು ಅವರು ಕಂಡುಕೊಂಡರು. ಈ ಮಾತಿನಲ್ಲಿ ಸತ್ಯವಿದೆ. ಆದರೆ ರಾತ್ರಿ ಎಂಟು ಗಂಟೆಗೆ ಹಸಿದು ನಿಂತವನಿಗೆ ನೀತಿ ಬದಲಾಗುವವರೆಗೆ ಕಾಯಿರಿ ಎನ್ನಲಾಗುವುದಿಲ್ಲ. ಹಾಗೆ ಹೇಳಬಲ್ಲವರು ಹಸಿವನ್ನು ಪುಸ್ತಕದಲ್ಲಿ ಮಾತ್ರ ಕಂಡವರು. ಆದ್ದರಿಂದ ಊಟ ಕೊಡಬೇಕೇ ಬೇಡವೇ ಎಂಬ ಚರ್ಚೆಯೇ ನನಗೆ ಅನವಶ್ಯಕ. ಊಟ ಕೊಡುವ ಜಾಗದಲ್ಲಿ ಇನ್ನೇನು ಆಗಬೇಕು ಎಂಬುದು ಕೇಳಬೇಕಾದ ಪ್ರಶ್ನೆ.

ನಮ್ಮ ಕಾಲದ ಒಂದು ಉದಾಹರಣೆ ನೋಡೋಣ. 2014ರ ಆಗಸ್ಟಿನಲ್ಲಿ ದೆಹಲಿಯ ಕೆಲವು ಯುವಕರು ಹೋಟೆಲುಗಳಲ್ಲಿ ಉಳಿದ ಊಟವನ್ನು ಕೇಳಿ ತಂದು ಬೀದಿಯಲ್ಲಿ ಮಲಗುವವರಿಗೆ ಹಂಚಲು ತೊಡಗಿದರು. ಅದೇ ರಾಬಿನ್ ಹುಡ್ ಆರ್ಮಿ. ಪೋರ್ಚುಗಲ್‌ನ ಲಿಸ್ಬನ್ ನಗರದಲ್ಲಿ ಹೀಗೆಯೇ ಉಳಿದ ಊಟ ಸಂಗ್ರಹಿಸಿ ಹಂಚುವ 'ರೀಫುಡ್' ಎಂಬ ಸ್ವಯಂಸೇವಕರ ತಂಡ ಅವರಿಗೆ ಪ್ರೇರಣೆಯಾಗಿತ್ತು. ಇವರು ಯಾರಿಂದಲೂ ಹಣ ತೆಗೆದುಕೊಳ್ಳುವುದಿಲ್ಲ. ಊಟ ಕೊಡಿ, ಇಲ್ಲವೇ ನಿಮ್ಮ ಸಮಯ ಕೊಡಿ ಎನ್ನುತ್ತಾರೆ. ಆ ಒಂದು ನಿಯಮದಿಂದ ಎಷ್ಟೋ ಜಗಳಗಳು ಹುಟ್ಟದೆಯೇ ಉಳಿದವು, ತಂಡ ಬೆಂಗಳೂರೂ ಸೇರಿ ನೂರಾರು ಊರುಗಳಿಗೆ ಹಬ್ಬಿತು. ಆದರೆ ನನಗೆ ಮುಖ್ಯವಾಗಿ ಕಾಣುವುದು ಆಮೇಲೆ ನಡೆದದ್ದು. ವಾರವಾರವೂ ಅದೇ ಬೀದಿಗೆ ಹೋಗಿ ಬಡಿಸುತ್ತಿದ್ದವರಿಗೆ ತಟ್ಟೆ ಹಿಡಿದು ಬರುವ ಮಕ್ಕಳು ಶಾಲೆಗೇ ಹೋಗುತ್ತಿಲ್ಲ ಎಂಬುದು ಕಣ್ಣಿಗೆ ಬಿತ್ತು. ಬೀದಿಯಲ್ಲಿಯೇ ಪಾಠ ಹೇಳಿ, ಆ ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸುವ ತನಕ ಜೊತೆಗಿರುವ ಕೆಲಸವನ್ನೂ ಅವರು ಶುರುಮಾಡಿದರು. ಶಾಲೆಗೆ ಸೇರಿದ ಮಗುವಿಗೆ ಬಿಸಿಯೂಟ ಸಿಗುತ್ತದೆ, ಅದೂ ಯಾರ ಕೃಪೆಯಿಂದಲೂ ಅಲ್ಲ, ಹಕ್ಕಿನಿಂದ. ಊಟದ ಸಾಲಿನಲ್ಲಿ ಕಂಡದ್ದನ್ನು ಕಂಡೂ ಕಾಣದಂತೆ ಬಿಡದಿದ್ದರೆ ಏನು ಸಾಧ್ಯ ಎಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ನನಗೆ ಬೇಡ.

ಉಳಿದ ಊಟವನ್ನೇ ನಂಬಿದ ಸೇವೆಗೆ ಇನ್ನೊಂದು ಮಿತಿಯಿದೆ. 2012ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರ ತಂಡವೊಂದು ನಗರದ ಕಲ್ಯಾಣ ಮಂಟಪಗಳನ್ನು ಅಧ್ಯಯನ ಮಾಡಿ, ಮದುವೆಗಳಲ್ಲೇ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ಹಾಳಾಗುತ್ತದೆ ಎಂದು ಲೆಕ್ಕ ಹಾಕಿತ್ತು. ಅಷ್ಟು ಅನ್ನ ಮೋರಿಗೆ ಹೋಗುವ ಬದಲು ಹೊಟ್ಟೆಗೆ ಹೋಗಲಿ ಎನ್ನುವುದು ಸರಿಯೇ. ಹಾಗೆ ಸಂಗ್ರಹಿಸಿ ಹಂಚುವುದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ನಿಯಮಗಳನ್ನೂ ಮಾಡಿದೆ. ಆದರೆ ಆಷಾಢದಲ್ಲಿ ಏನು ಮಾಡುವುದು? ಛತ್ರಗಳಿಗೆ ಬೀಗ ಬಿದ್ದಿರುತ್ತದೆ. ಧನುರ್ಮಾಸದಲ್ಲೂ ಹಾಗೇ, ಪಿತೃಪಕ್ಷದಲ್ಲೂ ಹಾಗೇ. ಆಷಾಢವೆಂದರೆ ಮಳೆಗಾಲ, ಕಟ್ಟಡದ ಕೆಲಸ ನಿಂತು ದಿನಗೂಲಿಯವರ ಕೈ ಬರಿದಾಗುವ ಕಾಲವೂ ಅದೇ. ಉಳ್ಳವರ ಪಂಚಾಂಗ ನೋಡಿಕೊಂಡು ಇಲ್ಲದವರ ಹೊಟ್ಟೆ ಹಸಿಯುವುದಿಲ್ಲ. ಹೆಚ್ಚಾದದ್ದನ್ನು ಹಂಚುವ ಏರ್ಪಾಡು ಎಷ್ಟೇ ಚೆನ್ನಾಗಿದ್ದರೂ ಅದು ಕೊಡುವವನ ಅನುಕೂಲಕ್ಕೆ ಕಟ್ಟುಬಿದ್ದದ್ದು. ಕೊಡುವವನ ಅನುಕೂಲ ಕೇಳದೆ ಬರುವ ಅನ್ನ ಒಂದೇ, ಕಾನೂನಿನ ಅನ್ನ.

ಆ ಕಾನೂನು ನಮ್ಮಲ್ಲಿದೆ ಎಂಬುದನ್ನು ಬಡಿಸುವವರು ಮರೆಯುತ್ತಾರೆ. ಅದು ತಾನಾಗಿ ಬಂದದ್ದೂ ಅಲ್ಲ. 2001ರಲ್ಲಿ ರಾಜಸ್ಥಾನದಲ್ಲಿ ಬರ ಬಿದ್ದಿತ್ತು, ದೇಶದ ಆಹಾರ ನಿಗಮದ ಗೋದಾಮುಗಳಲ್ಲಿ ಧಾನ್ಯ ತುಂಬಿ ತುಳುಕುತ್ತಿತ್ತು. ಪಕ್ಕದ ಹಳ್ಳಿಗಳಲ್ಲಿ ಜನ ಉಪವಾಸವಿದ್ದರು. ಈ ವಿಪರೀತವನ್ನು ಕಣ್ಣಾರೆ ಕಂಡು ದಾಖಲಿಸಿದವರು ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್ ಮೂಲಕ ಸುಪ್ರೀಂ ಕೋರ್ಟಿಗೆ ಹೋದರು. ಆ ವರ್ಷದ ನವೆಂಬರ್ 28ರಂದು ಕೋರ್ಟು ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲೂ ಬೇಯಿಸಿದ ಊಟ ಕೊಡಬೇಕು ಎಂದು ಆದೇಶಿಸಿತು. ನಮ್ಮ ರಾಜ್ಯದ ಅಕ್ಷರ ದಾಸೋಹ ಬಂದದ್ದು ಆ ಆದೇಶದ ನಂತರದ ವರ್ಷಗಳಲ್ಲಿ. ಆ ಮೊಕದ್ದಮೆಯ ಸುತ್ತ ಬೆಳೆದ ಚಳವಳಿಯ ಫಲವೇ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ. ಹಳ್ಳಿಗಳಲ್ಲಿ ನೂರಕ್ಕೆ 75ರಷ್ಟು, ಪಟ್ಟಣಗಳಲ್ಲಿ 50ರಷ್ಟು ಜನರಿಗೆ ಅದು ಅನ್ವಯಿಸುತ್ತದೆ. ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೊ, ಅಂತ್ಯೋದಯ ಕುಟುಂಬಕ್ಕೆ 35 ಕಿಲೊ ಧಾನ್ಯ. 2023ರ ಜನವರಿಯಿಂದ ಅದು ಪೂರ್ತಿ ಉಚಿತ. ಅದರ ಮೇಲೆ ಕರ್ನಾಟಕದಲ್ಲಿ ಅನ್ನಭಾಗ್ಯವಿದೆ. ಪಡಿತರ ಸಿಗದೆ ಹೋದರೆ ಅದರ ಬದಲಿಗೆ ಆಹಾರ ಭದ್ರತಾ ಭತ್ಯೆ ಕೊಡಬೇಕು ಎಂದು ಕಾಯ್ದೆಯ 8ನೇ ಸೆಕ್ಷನ್ ಹೇಳುತ್ತದೆ. ದೂರು ಕೇಳಲು ಜಿಲ್ಲೆಗೊಬ್ಬ ಕುಂದುಕೊರತೆ ನಿವಾರಣಾ ಅಧಿಕಾರಿ, ಅವರ ಮೇಲೆ ರಾಜ್ಯ ಆಹಾರ ಆಯೋಗ, ನ್ಯಾಯಬೆಲೆ ಅಂಗಡಿಯ ಮೇಲೆ ಕಣ್ಣಿಡಲು ಜಾಗೃತಿ ಸಮಿತಿ, ಎಲ್ಲವೂ ಕಾಯ್ದೆಯಲ್ಲಿವೆ. ಫುಟ್‌ಪಾತಿನ ಸಾಲಿನಲ್ಲಿ ನಿಂತವರಲ್ಲಿ ಇದೆಲ್ಲ ಗೊತ್ತಿರುವವರು ಸಿಗುವುದು ದುರ್ಲಭ. ಬಡಿಸುವವರಲ್ಲಾದರೂ ಗೊತ್ತಿರುವವರು ಇರಬೇಕಲ್ಲವೇ?

ಇಷ್ಟೆಲ್ಲ ಇದ್ದೂ ಸಾಲು ಯಾಕೆ ಕರಗುವುದಿಲ್ಲ? ಕಾರಣಗಳು ಬಹಳ ಸಣ್ಣವು, ಸಣ್ಣವಾದ್ದರಿಂದಲೇ ಯಾರ ಕಣ್ಣಿಗೂ ಬೀಳುವುದಿಲ್ಲ. ವರ್ಷಾನುಗಟ್ಟಲೆ ಸಿಮೆಂಟು ಕಲಸಿದ ಬೆರಳಿನ ಗೆರೆ ಸವೆದು ಹೆಬ್ಬೆಟ್ಟು ತೆಗೆದುಕೊಳ್ಳುವುದಿಲ್ಲ. ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನ ಕಾರ್ಡಿನಿಂದ ಹೋಗಿರುತ್ತದೆ, ಗಂಡನ ಮನೆಯ ಕಾರ್ಡಿಗೆ ಬಂದಿರುವುದಿಲ್ಲ. ಇ-ಕೆವೈಸಿ ಮಾಡಿಸಲು ಹೋದ ಮೂರು ದಿನವೂ ಸರ್ವರ್ ಇರುವುದಿಲ್ಲ, ಮೂರು ದಿನದ ಕೂಲಿ ಹೋಗುತ್ತದೆ. ಬಾಡಿಗೆ ಮನೆಯ ಯಜಮಾನ ವಿಳಾಸದ ಪುರಾವೆಗೆ ಸಹಿ ಹಾಕುವುದಿಲ್ಲ. ಕೆಲವೊಮ್ಮೆ ಕಾರ್ಡೇ ರದ್ದಾಗಿರುತ್ತದೆ, ಅಂಗಡಿಗೆ ಹೋದ ಮೇಲೆಯೇ ಅದು ತಿಳಿಯುವುದು. 2024ರ ನವೆಂಬರಿನಲ್ಲಿ ನಮ್ಮ ರಾಜ್ಯದಲ್ಲಿ ಬಿಪಿಎಲ್ ಕಾರ್ಡುಗಳ ರದ್ದತಿ ದೊಡ್ಡ ಗದ್ದಲವಾಗಿ, ಅರ್ಹರ ಕಾರ್ಡುಗಳನ್ನು ಮರಳಿಸುವಂತೆ ಸರ್ಕಾರವೇ ಹೇಳಬೇಕಾಯಿತು. 2017ರ ಸೆಪ್ಟೆಂಬರಿನಲ್ಲಿ ಜಾರ್ಖಂಡಿನ ಸಿಮ್ಡೆಗಾ ಜಿಲ್ಲೆಯ 11 ವರ್ಷದ ಹುಡುಗಿಯೊಬ್ಬಳು ಅನ್ನ ಅನ್ನ ಎಂದು ಕೇಳುತ್ತಲೇ ಸತ್ತಳೆಂದು ಅವಳ ತಾಯಿ ಹೇಳಿದಳು. ಆಧಾರ್ ಜೋಡಣೆಯಾಗದೆ ಆ ಮನೆಯ ಪಡಿತರ ಚೀಟಿ ರದ್ದಾಗಿತ್ತು. ಸಾವಿಗೆ ಮಲೇರಿಯಾ ಕಾರಣ ಎಂದು ಆಡಳಿತ ವಾದಿಸಿತು. ಆ ಮನೆಗೆ ತಿಂಗಳುಗಟ್ಟಲೆ ಪಡಿತರ ಬಂದಿರಲಿಲ್ಲ ಎಂಬುದು ಹೊರಗೆ ಬಂದದ್ದು ಯಾರೋ ಹೋಗಿ ಕೇಳಿ ಬರೆದುಕೊಂಡದ್ದರಿಂದ.

ಇದರ ಜೊತೆಗೆ ಎಣಿಕೆಯದ್ದೇ ಒಂದು ತೊಡಕು. ಯಾವ ರಾಜ್ಯದಲ್ಲಿ ಎಷ್ಟು ಜನರಿಗೆ ಧಾನ್ಯ ಎಂಬುದು ಇಂದಿಗೂ 2011ರ ಜನಗಣತಿಯ ಲೆಕ್ಕ. 2021ರಲ್ಲಿ ಆಗಬೇಕಿದ್ದ ಗಣತಿ ಮುಂದಕ್ಕೆ ಹೋಯಿತು. ಜನಸಂಖ್ಯೆ ಬೆಳೆದಷ್ಟು ಪಟ್ಟಿ ಬೆಳೆಯಲಿಲ್ಲ. ಅರ್ಥಶಾಸ್ತ್ರಜ್ಞರಾದ ಜಾನ್ ಡ್ರೆಜ್, ರೀತಿಕಾ ಖೇರಾ ಮತ್ತು ಅವರ ಸಹೋದ್ಯೋಗಿ 2020ರಲ್ಲಿ ಮಾಡಿದ ಅಂದಾಜಿನಂತೆ, ಈ ಕಾರಣವೊಂದರಿಂದಲೇ 10 ಕೋಟಿಗೂ ಹೆಚ್ಚು ಜನ ಪಡಿತರದ ಹೊರಗೆ ಉಳಿದಿದ್ದರು. ಆ ಹತ್ತು ಕೋಟಿಯಲ್ಲಿ ಒಂದಿಷ್ಟು ಜನರೇ ನಮ್ಮ ಊರಿನ ಊಟದ ಸಾಲಿನಲ್ಲಿ ಕಾಣುವವರು.

ಈಗ ಬ್ರಿಟನ್ನಿನ ಅನುಭವಕ್ಕೆ ಬರುತ್ತೇನೆ, ಯಾಕೆಂದರೆ ಹಸಿವಿನ ಕಾರಣ ಕೇಳಿ ಬರೆದಿಡಬೇಕೆಂದು ನಾನು ಹೇಳುತ್ತಿರುವ ನೋಟ್‌ಬುಕ್ಕನ್ನು ಅಲ್ಲಿನ ಸ್ವಯಂಸೇವಕರು ನಿಜವಾಗಿ ಇಟ್ಟರು. ಅಲ್ಲಿನ ಟ್ರಸಲ್ ಟ್ರಸ್ಟ್ 1997ರಲ್ಲಿ ಹುಟ್ಟಿದ್ದು ಬಲ್ಗೇರಿಯಾದ ಬೀದಿ ಮಕ್ಕಳಿಗಾಗಿ. ನನ್ನ ಮಕ್ಕಳು ಇಂದು ರಾತ್ರಿ ಹಸಿದೇ ಮಲಗುತ್ತಾರೆ, ಅದಕ್ಕೆ ಏನು ಮಾಡುತ್ತೀರಿ ಎಂದು ಸ್ಥಳೀಯ ತಾಯಿಯೊಬ್ಬರು ಕೇಳಿದಾಗ, 2000ದಲ್ಲಿ ಸಾಲಿಸ್‌ಬರಿ ಪಟ್ಟಣದ ಒಂದು ಗ್ಯಾರೇಜಿನಲ್ಲಿ ಫುಡ್ ಬ್ಯಾಂಕ್ ತೆರೆದರು. ಚರ್ಚಿನ ಹಾಲುಗಳಲ್ಲಿ, ಸಮುದಾಯ ಭವನಗಳಲ್ಲಿ ನಿವೃತ್ತ ಶಿಕ್ಷಕರು, ಗೃಹಿಣಿಯರು ಸೇರಿ ನಡೆಸುವ ಇಂಥ ಕೇಂದ್ರಗಳು ಆಮೇಲೆ ದೇಶದ ತುಂಬ ಎದ್ದವು. ಸೂಪರ್‌ಮಾರ್ಕೆಟಿಗೆ ಬಂದವರು ಒಂದು ಡಬ್ಬ ಬೀನ್ಸೋ ಒಂದು ಪೊಟ್ಟಣ ಪಾಸ್ತಾವೋ ಹೆಚ್ಚಾಗಿ ಕೊಂಡು ಬುಟ್ಟಿಗೆ ಹಾಕುತ್ತಾರೆ; ಸ್ವಯಂಸೇವಕರು ಅವನ್ನು ತೂಗಿ, ತಾರೀಖು ನೋಡಿ, ಸುಮಾರು ಮೂರು ದಿನಕ್ಕಾಗುವಷ್ಟು ಸಾಮಾನಿನ ಚೀಲ ಕಟ್ಟುತ್ತಾರೆ. ಚೀಲ ಬೇಕಾದವರು ವೈದ್ಯರಿಂದಲೋ ಸಲಹಾ ಕೇಂದ್ರದಿಂದಲೋ ಒಂದು ಚೀಟಿ ತರಬೇಕು. ಆ ಚೀಟಿಯಲ್ಲಿ ಒಂದು ಅಂಕಣ: ಈ ಕಷ್ಟ ಬಂದದ್ದು ಯಾವುದರಿಂದ? ಸರ್ಕಾರದ ಭತ್ಯೆ ತಡವಾದದ್ದೇ, ಕಡಿತವಾದದ್ದೇ, ಸಂಬಳ ಸಾಲದ್ದೇ, ಸಾಲದ ಹೊರೆಯೇ?

ಆ ಒಂದು ಅಂಕಣ ದೇಶದ ರಾಜಕೀಯವನ್ನು ಮುಟ್ಟಿತು. 2013ರಿಂದ ಬ್ರಿಟನ್ನಿನಲ್ಲಿ ಹಲವು ಭತ್ಯೆಗಳನ್ನು ಒಂದುಗೂಡಿಸಿ ಯೂನಿವರ್ಸಲ್ ಕ್ರೆಡಿಟ್ ಎಂಬ ಹೊಸ ಪದ್ಧತಿ ತಂದರು. ಮೊದಲ ಕಂತು ಕೈಗೆ ಬರಲು ಆರು ವಾರ ಕಾಯಬೇಕಿತ್ತು. ಕೈಯಲ್ಲಿ ಕಾಸಿಲ್ಲದವರು ಆರು ವಾರ ಏನು ತಿನ್ನಬೇಕು? ಅವರು ಫುಡ್ ಬ್ಯಾಂಕಿಗೆ ಬಂದರು, ಬಂದ ಕಾರಣ ಚೀಟಿಗಳಲ್ಲಿ ದಾಖಲಾಗುತ್ತ ಹೋಯಿತು. ಟ್ರಸ್ಟ್ 2017ರಲ್ಲಿ ಅದನ್ನು ವರದಿಯಾಗಿ ಸರ್ಕಾರದ ಮುಂದಿಟ್ಟಿತು. ಇನ್ನೂ ಅನೇಕ ಕಡೆಯಿಂದ ಒತ್ತಡ ಬಂದು ಆರು ವಾರದ ಕಾಯುವಿಕೆ ಐದಕ್ಕೆ ಇಳಿಯಿತು. ಫುಡ್ ಬ್ಯಾಂಕಿಗೂ ನಮ್ಮ ನೀತಿಗೂ ಸಂಬಂಧವಿಲ್ಲ ಎಂದು ವರ್ಷಗಳ ಕಾಲ ವಾದಿಸಿದ್ದ ಸರ್ಕಾರದ ಕಡೆಯಿಂದಲೇ, 2019ರ ಫೆಬ್ರವರಿಯಲ್ಲಿ ಭತ್ಯೆಗಳನ್ನು ನೋಡಿಕೊಳ್ಳುವ ಇಲಾಖೆಯ ಸಚಿವೆ ಆಂಬರ್ ರಡ್ ಸಂಸತ್ತಿನಲ್ಲಿ ಎದ್ದು ನಿಂತು, ಹಣ ಬೇಗ ಕೈಸೇರದೆ ಹೋದದ್ದು ಫುಡ್ ಬ್ಯಾಂಕುಗಳ ಬಳಕೆ ಹೆಚ್ಚಲು ಮುಖ್ಯ ಕಾರಣವಾಗಿರಬಹುದು ಎಂದು ಒಪ್ಪಿಕೊಂಡರು. ಬರಿಯ ಚೀಲ ಕಟ್ಟಿ ಕೊಟ್ಟಿದ್ದರೆ ಆ ಒಪ್ಪಿಗೆ ಬರುತ್ತಿರಲಿಲ್ಲ.

ಆದರೆ ಈ ಕಥೆಯ ಇನ್ನೊಂದು ಮುಖವನ್ನು ಮುಚ್ಚಿಡಬಾರದು. 2012-13ರಲ್ಲಿ ಆ ಒಂದು ಜಾಲದಿಂದ ತುರ್ತು ಆಹಾರ ಪಡೆದವರು ಸುಮಾರು ಮೂರೂವರೆ ಲಕ್ಷ. ಮರುವರ್ಷ ಅದು ಒಂಬತ್ತು ಲಕ್ಷ ದಾಟಿತು. 2023-24ರಲ್ಲಿ ಹಂಚಿದ ಚೀಲಗಳು 31 ಲಕ್ಷ. ಜಗತ್ತಿನ ದೊಡ್ಡ ಆರ್ಥಿಕತೆಗಳಲ್ಲಿ ಒಂದಾದ ದೇಶದಲ್ಲಿ ಇದು ನಡೆಯಿತು. ಪಾಪೆಂಡೀಕ್ ಅವರ ಎಚ್ಚರಿಕೆ ನಿಜವಾಯಿತಲ್ಲ ಎಂದು ಯಾರಾದರೂ ಕೇಳಬಹುದು. ದಾಖಲೆ ಇಟ್ಟ ಮಾತ್ರಕ್ಕೆ ಹಸಿವು ಹೋಗುವುದಿಲ್ಲ, ಒಪ್ಪುತ್ತೇನೆ. ಆದರೆ ದಾಖಲೆಯೇ ಇಲ್ಲದಿದ್ದರೆ 31 ಲಕ್ಷ ಎಂಬ ಅಂಕಿಯೂ ಇರುತ್ತಿರಲಿಲ್ಲ, ಕೇಳುವ ಪ್ರಶ್ನೆಯೂ ಇರುತ್ತಿರಲಿಲ್ಲ. ಫುಡ್ ಬ್ಯಾಂಕಿನ ಅಗತ್ಯವೇ ಇಲ್ಲದಂತಾಗಬೇಕು ಎಂಬುದು ಇಂದು ಆ ಸಂಸ್ಥೆಯೇ ಘೋಷಿಸಿಕೊಂಡ ಗುರಿ. ಅನೇಕ ಕೇಂದ್ರಗಳಲ್ಲಿ ಚೀಲ ಕೊಡುವ ಮೇಜಿನ ಪಕ್ಕದಲ್ಲೇ ಭತ್ಯೆ, ಸಾಲಗಳ ಬಗ್ಗೆ ಸಲಹೆ ಕೊಡುವವರು ಕೂರುತ್ತಾರೆ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಯಾವ ಅನ್ನಸಂತರ್ಪಣೆಯ ಪಕ್ಕದಲ್ಲಿ ಇಂಥ ಮೇಜು ಇದೆ?

ನಮ್ಮಲ್ಲಿ ಒಮ್ಮೆ ಇತ್ತು. 2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು. ಮೂರೇ ದಿನದಲ್ಲಿ, ಅಧ್ಯಾಪಕರು, ವಿದ್ಯಾರ್ಥಿಗಳು, ಕಾರ್ಯಕರ್ತರು ಸೇರಿ ಸ್ಟ್ರಾಂಡೆಡ್ ವರ್ಕರ್ಸ್ ಆಕ್ಷನ್ ನೆಟ್‌ವರ್ಕ್ ಎಂಬ ಜಾಲ ಕಟ್ಟಿದರು. ಬೆಂಗಳೂರಿನ ಅಧ್ಯಾಪಕರೂ ಅದರಲ್ಲಿದ್ದರು. ಊರೂರಲ್ಲಿ ಸಿಕ್ಕಿಹಾಕಿಕೊಂಡ ವಲಸೆ ಕಾರ್ಮಿಕರು ಫೋನ್ ಮಾಡುತ್ತಿದ್ದರು. ಇವರು ಹತ್ತಿರದ ಯಾರನ್ನೋ ಹಿಡಿದು ಅಕ್ಕಿ ಬೇಳೆ ತಲುಪಿಸುತ್ತಿದ್ದರು, ಇಲ್ಲವೇ ಅವರ ಖಾತೆಗೆ ಚೂರುಪಾರು ಹಣ ಹಾಕುತ್ತಿದ್ದರು. ಅಷ್ಟೇ ಆಗಿದ್ದರೆ ಅದು ಆಗ ನಡೆದ ಸಾವಿರ ಒಳ್ಳೆಯ ಕೆಲಸಗಳಲ್ಲಿ ಒಂದಾಗುತ್ತಿತ್ತು. ಇವರು ಪ್ರತಿ ಕರೆಯಲ್ಲೂ ಕೇಳಿದರು: ಎಷ್ಟು ಜನ ಇದ್ದೀರಿ, ಎಷ್ಟು ದಿನಕ್ಕೆ ಅಕ್ಕಿಯಿದೆ, ಸರ್ಕಾರದಿಂದ ಏನಾದರೂ ಬಂತೇ, ಮಾಲೀಕ ಕೂಲಿ ಕೊಟ್ಟನೇ? ಏಪ್ರಿಲ್ 15ರಂದು ಮೊದಲ ವರದಿ ಹೊರಬಂತು. ಇವರನ್ನು ಸಂಪರ್ಕಿಸಿದ 11,159 ಕಾರ್ಮಿಕರಲ್ಲಿ ನೂರಕ್ಕೆ 96 ಜನರಿಗೆ ಸರ್ಕಾರದ ಪಡಿತರ ಸಿಕ್ಕಿರಲಿಲ್ಲ. ನೂರಕ್ಕೆ 70 ಜನರಿಗೆ ಬೇಯಿಸಿದ ಊಟವೂ ಸಿಕ್ಕಿರಲಿಲ್ಲ.

ಈ ಅಂಕಿಗಳು ಪತ್ರಿಕೆಗಳ ಮುಖಪುಟಕ್ಕೆ ಬಂದವು, ಕೋರ್ಟಿನ ವಾದಗಳಿಗೆ ಬಂದವು. ಕಾರ್ಡ್ ಇದ್ದವರಿಗೆ ಹೆಚ್ಚುವರಿ ಧಾನ್ಯ ಘೋಷಿಸಿದ್ದ ಕೇಂದ್ರ ಸರ್ಕಾರ, ಮೇ 14ರಂದು ಕಾರ್ಡ್ ಇಲ್ಲದ 8 ಕೋಟಿ ವಲಸಿಗರಿಗೂ ಎರಡು ತಿಂಗಳು ತಲಾ 5 ಕಿಲೊ ಧಾನ್ಯ ಕೊಡುವುದಾಗಿ ಹೇಳಿತು. 2021ರ ಜೂನ್ 29ರಂದು ಸುಪ್ರೀಂ ಕೋರ್ಟು, ಯಾವ ರಾಜ್ಯದ ಕಾರ್ಡಿದ್ದರೂ ಎಲ್ಲಿ ಬೇಕಾದರೂ ಪಡಿತರ ಪಡೆಯುವ ಪದ್ಧತಿಯನ್ನು ಎಲ್ಲ ರಾಜ್ಯಗಳೂ ಜುಲೈ 31ರೊಳಗೆ ಜಾರಿಗೆ ತರಬೇಕೆಂದೂ, ವಲಸಿಗರಿಗಾಗಿ ಸಮುದಾಯ ಅಡುಗೆಮನೆಗಳನ್ನು ನಡೆಸಬೇಕೆಂದೂ ಆದೇಶಿಸಿತು. ಇದೆಲ್ಲ ಒಂದು ಜಾಲದ ಸಾಧನೆ ಎಂದು ನಾನು ಹೇಳುವುದಿಲ್ಲ, ರಸ್ತೆಯಲ್ಲಿ ನಡೆದುಹೋದ ಲಕ್ಷಾಂತರ ಜನರೇ ದೊಡ್ಡ ಸಾಕ್ಷಿಯಾಗಿದ್ದರು. ಆದರೆ ಅವರ ಹಸಿವನ್ನು ಅಲ್ಲಗಳೆಯಲಾಗದ ಹಾಗೆ ಬರೆದಿಟ್ಟವರು ಅಕ್ಕಿ ಹಂಚುತ್ತಿದ್ದ ಸ್ವಯಂಸೇವಕರು.

ಇಲ್ಲೊಂದು ಗಂಭೀರ ಆಕ್ಷೇಪವಿದೆ, ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಹಸಿದವನನ್ನು ವಿಚಾರಿಸುವುದು ಅವನ ಮಾನಕ್ಕೆ ಕುಂದಲ್ಲವೇ? ಗುರುದ್ವಾರದ ಲಂಗರಿನಲ್ಲಿ ಯಾರೂ ಏನನ್ನೂ ಕೇಳುವುದಿಲ್ಲ. ಒಂದೇ ಪಂಕ್ತಿಯಲ್ಲಿ ಕೂರಿಸಿ ಬಡಿಸುತ್ತಾರೆ, ಅದು ಐದು ಶತಮಾನಗಳ ನಡೆ. ಸಿದ್ಧಗಂಗೆಯಲ್ಲಿ, ಧರ್ಮಸ್ಥಳದಲ್ಲಿ ಊಟಕ್ಕೆ ಬಂದವರ ಕಾರಣ ಕೇಳುವ ಪದ್ಧತಿಯಿಲ್ಲ. ಇದಕ್ಕೆ ವಿರುದ್ಧವಾದದ್ದೂ ನಮ್ಮಲ್ಲಿತ್ತು. ನೀನು ಯಾರು, ಯಾವ ಜಾತಿ ಎಂದು ನೋಡಿ ಎಲೆಯ ಜಾಗ ತೀರ್ಮಾನಿಸುವ ಪಂಕ್ತಿಭೇದದ ವಿರುದ್ಧ ಈ ನಾಡಿನಲ್ಲಿ ಹೋರಾಟಗಳೇ ಆಗಿವೆ. ಆದ್ದರಿಂದ ಊಟದ ಜಾಗದಲ್ಲಿ ಪ್ರಶ್ನೆ ಎಂದರೆ ನಮ್ಮವರು ಬೆಚ್ಚುವುದು ಸಹಜ. ಬ್ರಿಟನ್ನಿನಲ್ಲೂ ಚೀಟಿ ತಂದರೆ ಮಾತ್ರ ಚೀಲ ಎಂಬ ನಿಯಮವನ್ನು ಟೀಕಿಸುವವರಿದ್ದಾರೆ. ನಾಚಿಕೆಯಿಂದ ಚೀಟಿ ಕೇಳದೆ ಹಸಿದೇ ಉಳಿಯುವವರು ಇರುತ್ತಾರೆ ಎಂಬುದು ಅವರ ವಾದ, ಅದು ನನಗೂ ಒಪ್ಪಿಗೆ.

ಹಾಗಾಗಿ ನಾನು ಹೇಳುವ ನೋಟ್‌ಬುಕ್ ಊಟದ ಷರತ್ತಲ್ಲ. ಮೊದಲು ಊಟ, ಏನೂ ಕೇಳದೆ. ಅವರು ಉಂಡು ಕೈತೊಳೆದ ಮೇಲೆ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತ ಒಬ್ಬರು, 'ಅಮ್ಮಾ, ರೇಷನ್ ಬರ್ತಾ ಇದೆಯಾ? ಏನಾದ್ರೂ ತೊಂದರೆ ಇದ್ರೆ ಹೇಳಿ, ನೋಡೋಣ' ಎನ್ನಬಹುದು. ಹೇಳಲು ಮನಸ್ಸಿಲ್ಲದವರು ಎದ್ದು ಹೋಗಬಹುದು, ನಾಳೆಯೂ ಅವರಿಗೆ ಅದೇ ಗೌರವದ ಊಟ. ಹೆಸರು, ಆಧಾರ್ ಸಂಖ್ಯೆ ಅರ್ಜಿಗೆ ಬೇಕಾದಾಗ ಅರ್ಜಿಯಲ್ಲಿ ಮಾತ್ರ ಇರಲಿ. ನೋಟ್‌ಬುಕ್ಕಿನಲ್ಲಿ ಕಾರಣ ಮತ್ತು ಎಣಿಕೆ ಸಾಕು. ಮಾನ ಹೋಗುವುದು ಇಂಥ ಮಾತಿನಿಂದಲ್ಲ. ಅದು ಹೋಗುವುದು ಪೊಟ್ಟಣವನ್ನು ಅರ್ಧ ಚಾಚಿ, ತೆಗೆದುಕೊಳ್ಳುವವರ ಮುಖ ಕ್ಯಾಮೆರಾ ಕಡೆ ತಿರುಗುವವರೆಗೂ ಕೈ ಬಿಡದಿರುವುದರಿಂದ. ಹಸಿದವರ ಮುಖದ ಫೋಟೊವನ್ನು ಹುಟ್ಟುಹಬ್ಬದ ಶುಭಾಶಯದ ಜೊತೆ ಹಾಕುವ ರೂಢಿ ನಿಲ್ಲಲೇಬೇಕು. ನಮ್ಮ ಮಕ್ಕಳ ತುತ್ತಿನ ಚಿತ್ರ ಹೀಗೆ ಊರಿಗೆಲ್ಲ ಹೋದರೆ ನಾವು ಸಹಿಸುತ್ತೇವೆಯೇ? ಫೋಟೊ ತೆಗೆಯುವ ಅದೇ ಫೋನಿನಲ್ಲಿ ಪಡಿತರ ಚೀಟಿಯ ಸ್ಥಿತಿ ನೋಡಬಹುದು, 1967 ಸಹಾಯವಾಣಿಗೆ ಕರೆ ಮಾಡಬಹುದು, ದೂರಿನ ಅರ್ಜಿ ಬರೆಯಬಹುದು.

ಸ್ವಯಂಸೇವಕರಿಗೆ ಇದಕ್ಕೆಲ್ಲ ಪುರುಸೊತ್ತೆಲ್ಲಿ ಎನ್ನುವವರಿದ್ದಾರೆ. ವಾರವಿಡೀ ದುಡಿದು ಭಾನುವಾರ ಸೌಟು ಹಿಡಿಯುವವರ ಮೇಲೆ ಕಚೇರಿ ಅಲೆದಾಟವನ್ನೂ ಹೊರಿಸುವುದೇ ಎಂಬ ಮಾತು ನ್ಯಾಯವಾದದ್ದೇ. ಆದರೆ ಎಲ್ಲರೂ ಎಲ್ಲ ಮಾಡಬೇಕಿಲ್ಲ. ಇಪ್ಪತ್ತು ಜನರ ತಂಡದಲ್ಲಿ ಇಬ್ಬರು ಸೌಟು ಬಿಟ್ಟು ಪೆನ್ನು ಹಿಡಿದರೆ ಊಟಕ್ಕೇನೂ ಕಡಿಮೆಯಾಗುವುದಿಲ್ಲ. ಈ ನಗರಗಳ ತಂಡಗಳಲ್ಲಿ ಇರುವವರೇ ಬ್ಯಾಂಕಿನವರು, ವಕೀಲರು, ಕಂಪ್ಯೂಟರ್ ಬಲ್ಲವರು, ನಿವೃತ್ತ ಸರ್ಕಾರಿ ನೌಕರರು. ಬಡವನನ್ನು ಹೆದರಿಸುವ ಆ ಅರ್ಜಿ, ಆ ಓಟಿಪಿ, ಆ ಕೌಂಟರು ಇವರಿಗೆ ದಿನನಿತ್ಯದ ಮಾತು. ತಾಲ್ಲೂಕು ಕಚೇರಿಯಲ್ಲಿ ಆಹಾರ ಶಿರಸ್ತೇದಾರರ ಮುಂದೆ ಒಬ್ಬ ನಿವೃತ್ತ ತಹಶೀಲ್ದಾರರು ನಿಂತು ಮಾತಾಡುವುದಕ್ಕೂ ಒಬ್ಬ ಗಾರೆ ಕೆಲಸದವಳು ನಿಂತು ಬೇಡುವುದಕ್ಕೂ ಇರುವ ಅಂತರ ನಮಗೆಲ್ಲ ಗೊತ್ತು. ಅನ್ಯಾಯದ ಈ ಅಂತರವನ್ನು ಒಂದಿಷ್ಟಾದರೂ ನ್ಯಾಯಕ್ಕೆ ಬಳಸಬಹುದು. ತಿಂಗಳ ಕೊನೆಗೆ ಆ ನೋಟ್‌ಬುಕ್ಕಿನ ಲೆಕ್ಕವನ್ನು, ಇಷ್ಟು ಜನರ ಹೆಬ್ಬೆಟ್ಟು ಹೊಂದುತ್ತಿಲ್ಲ, ಇಷ್ಟು ಜನರ ಹೆಸರು ಬಿಟ್ಟಿದೆ, ಇಷ್ಟು ಜನ ಹೊರರಾಜ್ಯದ ಕಾರ್ಡ್ ಎಂದು ವಾಪಸಾಗಿದ್ದಾರೆ ಎಂದು ಒಂದು ಹಾಳೆಯಲ್ಲಿ ಬರೆದು ಕುಂದುಕೊರತೆ ಅಧಿಕಾರಿಗೂ ಆಹಾರ ಆಯೋಗಕ್ಕೂ ಕಳಿಸಿದರೆ, ಒಬ್ಬೊಬ್ಬರದೇ ಗೋಳಾಗಿದ್ದದ್ದು ಉತ್ತರ ಕೊಡಲೇಬೇಕಾದ ದೂರಾಗುತ್ತದೆ. ಹತ್ತು ತಂಡಗಳು ಹಾಗೆ ಮಾಡಿದರೆ ಜಿಲ್ಲೆಯ ಚಿತ್ರವೇ ಸಿಗುತ್ತದೆ.

ಕಾರ್ಡಿನಿಂದ ಎಲ್ಲ ಹಸಿವೂ ನೀಗುವುದಿಲ್ಲ. ಒಲೆಯಿಲ್ಲದವನಿಗೆ ಐದು ಕಿಲೊ ಅಕ್ಕಿ ಕೊಟ್ಟು ಏನು ಫಲ? ಅಂಥವರಿಗೆಂದೇ 2017ರ ಆಗಸ್ಟಿನಲ್ಲಿ ಇಂದಿರಾ ಕ್ಯಾಂಟೀನ್ ಬಂತು, ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ. ಒಂದು ಆಸ್ಪತ್ರೆಯ ಮುಂದಿನ ಸಾಲು ವರ್ಷವಿಡೀ ಉದ್ದವಾಗಿಯೇ ಇದ್ದರೆ, ಅಲ್ಲೊಂದು ಕ್ಯಾಂಟೀನ್ ಬೇಕು, ರೋಗಿಯ ಜೊತೆಯವರಿಗೆ ತಂಗಲು ಜಾಗ ಬೇಕು ಎಂದರ್ಥ. ಅದನ್ನು ಲೆಕ್ಕಸಹಿತ ಹೇಳಬಲ್ಲವರು ದಿನವೂ ಅಲ್ಲಿ ಬಡಿಸುವವರಲ್ಲದೆ ಇನ್ಯಾರು? ಮನೆಯಿಂದ ಹೊರಬಿದ್ದ ಮುದುಕರಿಗೆ ಪಿಂಚಣಿ ಮಾಡಿಸಿಕೊಡಬೇಕಾಗಬಹುದು. ಗರ್ಭಿಣಿಗೆ ಅಂಗನವಾಡಿಯ ದಾರಿ ತೋರಿಸಬೇಕಾಗಬಹುದು, ಅಲ್ಲಿ ಮಾತೃಪೂರ್ಣ ಯೋಜನೆಯಲ್ಲಿ ಅವಳಿಗೆ ಬಿಸಿಯೂಟವಿದೆ. ಯಾವ ಕಾನೂನೂ ಮುಟ್ಟದ ಒಂದಿಷ್ಟು ಜನ ಕೊನೆಗೂ ಉಳಿಯುತ್ತಾರೆ: ದಾಖಲೆಯೇ ಇಲ್ಲದವರು, ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡವರು, ನಿನ್ನೆಯಷ್ಟೇ ಊರು ಬಿಟ್ಟು ಬಂದವರು. ಅವರಿಗಾಗಿ ಪಾತ್ರೆ ಬರುತ್ತಲೇ ಇರಬೇಕು. ಕಾರ್ಡ್ ಆದವರು ಸಾಲು ಬಿಟ್ಟು ಹೋದಷ್ಟೂ ಆ ಪಾತ್ರೆಯ ಅನ್ನ ಇವರಿಗೆ ಸರಿಯಾಗಿ ತಲುಪುತ್ತದೆ.

ಮನೆಯ ಶುಭಕಾರ್ಯಕ್ಕೋ ಹಿರಿಯರ ನೆನಪಿಗೋ ಇಂಥ ತಂಡಕ್ಕೆ ನೀವು ಹಣ ಕಳಿಸುವವರಾದರೆ, ಈ ಸಲ ಕಳಿಸುವಾಗ ಒಂದು ಪ್ರಶ್ನೆಯನ್ನೂ ಕೇಳಿ: ಕಳೆದ ವರ್ಷ ನಿಮ್ಮಲ್ಲಿ ಊಟಕ್ಕೆ ಬಂದವರಲ್ಲಿ ಎಷ್ಟು ಜನರಿಗೆ ಪಡಿತರವೋ ಪಿಂಚಣಿಯೋ ಮಾಡಿಸಿಕೊಟ್ಟಿರಿ? ಒಬ್ಬರಿಗೂ ಇಲ್ಲ ಎಂಬ ಉತ್ತರ ಬಂದರೆ ಹಣ ನಿಲ್ಲಿಸಬೇಡಿ, ಹಸಿದವರದು ಅದರಲ್ಲೇನೂ ತಪ್ಪಿಲ್ಲ. ಮುಂದಿನ ಭಾನುವಾರ ಒಂದು ನೋಟ್‌ಬುಕ್, ಒಂದು ಪೆನ್ನು ತೆಗೆದುಕೊಂಡು ನೀವೇ ಅಲ್ಲಿಗೆ ಹೋಗಿ ಕುಳಿತುಕೊಳ್ಳಿ.